ತೂಕ ಕ್ವಾರಿ ಗೇಟಿನಲ್ಲೇ ಆಗಲಿ: ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನವನು. ಕಲ್ಲು ಕ್ವಾರಿ, ಕ್ರಷರ್‌ಗಳಿಗೆ ಟಿಪ್ಪರ್ ಮತ್ತು ಹಿಟಾಚಿ (ಅಗೆಯುವ, ತುಂಬುವ ಯಂತ್ರ) ಬಾಡಿಗೆಗೆ ಕೊಡುವುದು ನನ್ನ ಕಸುಬು. ಈ ಪತ್ರವನ್ನು ತಮ್ಮ ಕಚೇರಿಗೆ ಸುಮ್ನೆ ಅರ್ಜಿಯಾಗಿ ಕೊಟ್ಟು ಬರಬಹುದಿತ್ತು. ಆದರೆ ಇದನ್ನು ಕ್ವಾರಿ ಮಾಲೀಕರೂ ಓದಬೇಕು. ಗಾಡಿ ಮಾರುವ ಶೋರೂಂನವರು, ಬಾಡಿ ಕಟ್ಟುವ ವರ್ಕ್‌ಶಾಪಿನವರು, ಸಾಲ ಕೊಡುವ ಫೈನಾನ್ಸ್‌ನವರೂ ಓದಬೇಕು. ಅದಕ್ಕೇ ಎಲ್ಲರ ಮುಂದೆ ಇಡುತ್ತಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ಟಿಪ್ಪರಿನ ತೂಕ ನೋಡುವುದು ರಸ್ತೆಯಲ್ಲಿ ಬೇಡ, ಕ್ವಾರಿ ಗೇಟಿನಲ್ಲಿ ನೋಡಿ. ಲೋಡು ಮಾಡಿದವರನ್ನೂ ಜವಾಬ್ದಾರರನ್ನಾಗಿ ಮಾಡಿ. ಈ ಒಂದು ಕೆಲಸ ಸರಿಯಾಗಿ ಆದರೆ ಗಣಿಗಾರಿಕೆಯ ಎಷ್ಟೋ ತಂಟೆಗಳು ತಾವಾಗಿಯೇ ಕಮ್ಮಿಯಾಗುತ್ತವೆ ಅನ್ನುವುದು ಈ ಕೆಲಸದಲ್ಲೇ ಅನ್ನ ತಿನ್ನುತ್ತಿರುವ ನನ್ನ ನಂಬಿಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ವಾರಿ ಮುಚ್ಚಿ ಅಂತ ಬರೆಯುತ್ತಿಲ್ಲ. ಬೆಂಗಳೂರಿನ ಮನೆ, ಮೆಟ್ರೊ, ಫ್ಲೈಓವರ್, ಎಲ್ಲದಕ್ಕೂ ಜಲ್ಲಿ ಬೇಕು, ಎಂ-ಸ್ಯಾಂಡ್ ಅಂದರೆ ಬಂಡೆ ಪುಡಿ ಮಾಡಿ ತೆಗೆದ ಮರಳು ಬೇಕು. ನದಿ ಮರಳು ತೋಡುವುದು ಕಮ್ಮಿಯಾಗಲಿ ಅಂತಲೇ ಅಲ್ವಾ ಎಂ-ಸ್ಯಾಂಡ್ ಬಂದದ್ದು? ನಮ್ಮ ಜಿಲ್ಲೆಯ ಬಂಡೆಯೇ ಈಗ ಆ ಮರಳಾಗುತ್ತಿದೆ. ಇದರಿಂದ ಬದುಕುವ ಸಾವಿರಾರು ಕುಟುಂಬಗಳಿವೆ, ನನ್ನದೂ ಅದರಲ್ಲಿ ಒಂದು. ಈ ಕೆಲಸ ಉಳಿಯಬೇಕು ಅಂತಲೇ ಇದು ನೆಟ್ಟಗೆ ನಡೆಯಲಿ ಅನ್ನುತ್ತಿದ್ದೇನೆ.

ಈಗ ತೂಕದ ಲೆಕ್ಕಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಓದಿ ಅಂತ ವಿನಂತಿ, ಯಾಕಂದರೆ ಇಡೀ ವಿಷಯ ಇದರಲ್ಲೇ ಇದೆ.

ಹತ್ತು ಚಕ್ರದ ಟಿಪ್ಪರ್ ಅಂದರೆ ಗಾಡಿ, ಲೋಡು ಎರಡೂ ಸೇರಿ ಸುಮಾರು 28 ಟನ್ ಇರಬಹುದು. ಹನ್ನೆರಡು ಚಕ್ರದ್ದು ಸುಮಾರು 35 ಟನ್. 2018ರ ಜುಲೈವರೆಗೆ ಇದು 25 ಮತ್ತು 31 ಟನ್ ಇತ್ತು. ಕೇಂದ್ರ ಸರ್ಕಾರವೇ ಮಿತಿಯನ್ನು ಏರಿಸಿತು. ಎರಡೂ ಕಡೆ ಜೋಡಿ ಟೈರ್ ಇರುವ ಒಂದು ಆಕ್ಸಲ್ ಮೇಲೆ 10.2 ಟನ್ ಇದ್ದದ್ದು 11.5 ಆಯಿತು. ಅಂದರೆ ನಮ್ಮ ಲಾರಿಯವರು ಎಷ್ಟೋ ವರ್ಷ ಕೇಳಿದ್ದನ್ನು ಕೊಟ್ಟೂ ಆಗಿದೆ. ಆಮೇಲೂ ಓವರ್‌ಲೋಡ್ ನಿಲ್ಲಲಿಲ್ಲ.

ಹತ್ತು ಚಕ್ರದ ಖಾಲಿ ಟಿಪ್ಪರೇ ಬಾಡಿ ಸೇರಿ ಹನ್ನೊಂದು, ಹನ್ನೆರಡು ಟನ್ ತೂಗುತ್ತದೆ. 28ರಲ್ಲಿ ಅದನ್ನು ಕಳೆದರೆ ಮಾಲಿಗೆ ಉಳಿಯುವುದು ಸುಮಾರು 16 ಟನ್. ಎಂ-ಸ್ಯಾಂಡ್ ಒಂದು ಘನ ಮೀಟರ್ ಸುಮಾರು 1.6 ಟನ್ ಬರುತ್ತದೆ. ತೊಳೆದು ಒದ್ದೆ ಇದ್ದರೆ ಇನ್ನೂ ಜಾಸ್ತಿ. ಹಾಗಾದರೆ 16 ಟನ್ ಹಿಡಿಸಲು ಎಷ್ಟು ದೊಡ್ಡ ಬಾಡಿ ಬೇಕು? ಹತ್ತು ಘನ ಮೀಟರ್ ಸಾಕು. ಆದರೆ ರಸ್ತೆಯಲ್ಲಿ ಓಡಾಡುವ ಗಾಡಿಗಳ ಬಾಡಿ ನೋಡಿ. ಹದಿನಾಲ್ಕು, ಹದಿನಾರು ಘನ ಮೀಟರ್ ಇರುತ್ತದೆ. ಅದರ ಮೇಲೆ ಹಲಗೆ ಏರಿಸಿ ವೆಲ್ಡ್ ಮಾಡಿದವೂ ಇವೆ. ಹದಿನಾರರ ಬಾಡಿ ತುಂಬಿದರೆ ಎಂ-ಸ್ಯಾಂಡ್ 25 ಟನ್ ದಾಟುತ್ತದೆ. ಗಾಡಿ ಸೇರಿ 37 ಟನ್. ಮಿತಿ 28. ಇಲ್ಲಿ ಡ್ರೈವರ್ ಏನೂ ಕಳ್ಳತನ ಮಾಡಿಲ್ಲ. ಬಾಡಿ ತುಂಬಿಸಿಕೊಂಡು ಬಂದಿದ್ದಾನೆ, ಅಷ್ಟೇ. ಬಾಡಿಯನ್ನು ಕಟ್ಟಿಸಿಕೊಟ್ಟ ದಿನವೇ ಓವರ್‌ಲೋಡ್ ಆಗಿಹೋಗಿತ್ತು.

ಈ ದೊಡ್ಡ ಬಾಡಿಗಳು ಮಾಡಿದ್ದು ಯಾಕೆ ಅಂದರೆ, ಹಗುರವಾದ ಮಾಲಿಗೆ. ಕಲ್ಲಿದ್ದಲು ಘನ ಮೀಟರಿಗೆ ಒಂದು ಟನ್ನೂ ಬರುವುದಿಲ್ಲ. ಅಲ್ಲಿ ದೊಡ್ಡ ಬಾಡಿ ನ್ಯಾಯ. ಅದೇ ಅಳತೆಯ ಬಾಡಿಯನ್ನು ಜಲ್ಲಿ, ಎಂ-ಸ್ಯಾಂಡ್, ದಪ್ಪ ಕಲ್ಲು ಹೊರುವ ಗಾಡಿಗೆ ಕೂರಿಸಿ ಮಾರಿದರೆ ಅದಕ್ಕೆ ಏನನ್ನಬೇಕು? ಗಾಡಿ ಮಾರುವವರನ್ನು ನಾನು ಕೇಳುವುದು ಇದನ್ನೇ. ಗಿರಾಕಿ ಬಂದಾಗ ಕಂತಿನ ಲೆಕ್ಕ ಚೆನ್ನಾಗಿ ಹೇಳಿಕೊಡುತ್ತೀರಿ. ಯಾವ ಮಾಲು ಹೊರುತ್ತೀರಿ ಅಂತಲೂ ಕೇಳಿ. ಜಲ್ಲಿ ಅಂದರೆ ಜಲ್ಲಿಗೆ ತಕ್ಕ ಬಾಡಿ ಕೊಡಿ. ಅದರ ಅಳತೆಯನ್ನು ಬಿಲ್ಲಿನಲ್ಲಿ ಬರೆಯಿರಿ. ಬಾಡಿಯ ಪಕ್ಕದಲ್ಲಿ ಇಷ್ಟು ಘನ ಮೀಟರ್, ಇಷ್ಟು ಟನ್ ಅಂತ ಕನ್ನಡದಲ್ಲಿ ದೊಡ್ಡದಾಗಿ ಪೇಂಟ್ ಮಾಡಿಸಿ. ಇದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ.

ಓವರ್‌ಲೋಡ್ ಆದರೆ ರಸ್ತೆಗೆ ಎಷ್ಟು ಪೆಟ್ಟು ಅನ್ನುವುದು ಸಾಮಾನ್ಯವಾಗಿ ಯಾರಿಗೂ ಅಂದಾಜಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇಕಂತಲೇ ರಸ್ತೆ ಕಟ್ಟಿ, ಅದರ ಮೇಲೆ ಹಗಲೂ ರಾತ್ರಿ ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಆಗ ಗೊತ್ತಾದದ್ದು ಇದು: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಭಾರದ ನಾಲ್ಕನೇ ಘಾತದಷ್ಟು ಹಾನಿ ಏರುತ್ತದೆ. ನಮ್ಮ ಲೆಕ್ಕಕ್ಕೇ ಹಾಕಿ ನೋಡಿ. 28 ಇರಬೇಕಾದಲ್ಲಿ 37 ಟನ್ ಬಂದರೆ ಹಾನಿ ಮೂರು ಪಟ್ಟು. ಜಾಸ್ತಿ ತುಂಬಿದರೆ ಟ್ರಿಪ್ ಕಮ್ಮಿ ಆಗುತ್ತಲ್ಲ, ರಸ್ತೆಗೆ ಒಳ್ಳೆಯದೇ ಅಲ್ವಾ ಅಂತ ವಾದ ಮಾಡುವವರಿದ್ದಾರೆ. ಆ ಲೆಕ್ಕವನ್ನೂ ಹಿಡಿಯೋಣ. ಟ್ರಿಪ್ ಕಮ್ಮಿಯಾದದ್ದನ್ನು ಕಳೆದರೂ ಅಷ್ಟೇ ಮಾಲಿಗೆ ರಸ್ತೆ ಹತ್ತಿರ ಹತ್ತಿರ ಎರಡು ಪಟ್ಟು ಸವೆಯುತ್ತದೆ. ಅದೂ ನ್ಯಾಷನಲ್ ಹೈವೇ 44 ಆದರೆ ತಡೆದೀತು. ಕ್ವಾರಿಯಿಂದ ಹೈವೇವರೆಗೆ ಇರುವುದು ಹಳ್ಳಿ ರಸ್ತೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಸ್ಕೂಲ್ ವ್ಯಾನ್, ದಿನಕ್ಕೆ ನಾಲ್ಕು ಬಸ್ ನೋಡಿಕೊಂಡು ಮಾಡಿದ ರಸ್ತೆ. ಒಂದು ಮಳೆಗಾಲ ಕಳೆಯುವುದರಲ್ಲಿ ಅದು ರಸ್ತೆಯಾಗಿ ಉಳಿದಿರುವುದಿಲ್ಲ.

ಬ್ರೇಕಿನ ಮಾತು ಬೇರೆ. 28 ಟನ್ನಿಗೆ ಮಾಡಿದ ಬ್ರೇಕು 37 ಟನ್ ನಿಲ್ಲಿಸಬೇಕು. ಅದೇ ಸ್ಪೀಡಿನಲ್ಲಿ ಮೂರನೇ ಒಂದು ಭಾಗ ಜಾಸ್ತಿ ಶಕ್ತಿಯನ್ನು ತಡೆಯಬೇಕು. ಇಳಿಜಾರಿನಲ್ಲಿ ಬ್ರೇಕ್ ಡ್ರಮ್ಮು ಕಾದು ಹೋಗುತ್ತದೆ. ಆಮೇಲೆ ಪೆಡಲ್ ತುಳಿದರೂ ಗಾಡಿ ಹಿಡಿತಕ್ಕೆ ಬರುವುದಿಲ್ಲ. ಮಾರನೆಯ ದಿನ ಪೇಪರಿನಲ್ಲಿ 'ಚಾಲಕನ ಅಜಾಗರೂಕತೆ' ಅಂತ ಬರುತ್ತದೆ. ಲೋಡು ಮಾಡಿದವರ ಸುದ್ದಿ ಯಾವ ಪೇಪರಿನಲ್ಲೂ ಇರುವುದಿಲ್ಲ.

ಹಾಗಾದರೆ ಯಾಕೆ ಜಾಸ್ತಿ ಹಾಕುತ್ತಾರೆ? ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುತ್ತದೆ. 16 ಟನ್ ಹೊತ್ತರೂ 25 ಟನ್ ಹೊತ್ತರೂ ಟೋಲ್ ಅಷ್ಟೇ, ಡ್ರೈವರ್ ಬಾಟಾ ಅಷ್ಟೇ, ಬ್ಯಾಂಕಿನ ಕಂತು ಅಷ್ಟೇ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಕಮಾನು ಪಟ್ಟಿ, ಟೈರು ಬೇಗ ಹೋಗುತ್ತವೆ, ಆದರೆ ಅದು ಮುಂದಿನ ತಿಂಗಳ ಚಿಂತೆ. ಈ ತಿಂಗಳ ಕಂತು ಕಟ್ಟಬೇಕಾದವನಿಗೆ 25 ಟನ್ನೇ ದಾರಿಯಾಗಿ ಕಾಣುತ್ತದೆ. ಒಬ್ಬ ಹಾಗೆ ಮಾಡಿದರೆ ಬಾಡಿಗೆ ದರ ಆ ಲೆಕ್ಕಕ್ಕೇ ಇಳಿಯುತ್ತದೆ. ಆಮೇಲೆ ಮಿತಿಯಲ್ಲಿ ಹೊರುವವನಿಗೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ನಮ್ಮ ಗಾಡಿಗಳು ಆರ್‌ಸಿಯಲ್ಲಿ ಇರುವಷ್ಟೇ ಹೊರುತ್ತವೆ ಅಂತ ಹೇಳಿದ್ದಕ್ಕೆ ಒಂದು ಕ್ರಷರಿನವರು ನನ್ನ ಗಾಡಿಗಳನ್ನು ಸಾಲಿನಿಂದ ತೆಗೆದುಬಿಟ್ಟರು. 'ಅಣ್ಣಾ, ನಿಮ್ಮ ಗಾಡಿ ತುಂಬಿಸೋ ಹೊತ್ತಿಗೆ ಬೇರೆಯವರದು ಮುಗಿದು ಹೋಗುತ್ತೆ, ನಮಗೆ ಗಿಟ್ಟಲ್ಲ' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಪೈಪೋಟಿಯಲ್ಲೇ ಇದ್ದಾರೆ. ಎಲ್ಲರಿಗೂ ಒಂದೇ ತಕ್ಕಡಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಕಾನೂನು ಇಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಜಾಸ್ತಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ. 2019ರ ಸೆಪ್ಟೆಂಬರಿನಿಂದ ಇದು ಜಾರಿಯಲ್ಲಿದೆ. ಮೇಲೆ ಹೇಳಿದ 9 ಟನ್ನಿಗೆ ಲೆಕ್ಕ ಹಾಕಿದರೆ 38,000 ರೂಪಾಯಿ. ಜಾಸ್ತಿ ಮಾಲು ಇಳಿಸುವ ತನಕ ಗಾಡಿ ಮುಂದೆ ಹೋಗುವ ಹಾಗಿಲ್ಲ ಅಂತಲೂ ಅಲ್ಲೇ ಇದೆ. ದಂಡ ಕಟ್ಟಿಸಿಕೊಂಡು ಅದೇ ಲೋಡಿನಲ್ಲಿ ಗಾಡಿ ಬಿಟ್ಟುಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2005ರಲ್ಲೇ ಹೇಳಿದೆ. ಇದಕ್ಕಿಂತ ಮುಖ್ಯವಾದ ಮಾತು ಆ ಸೆಕ್ಷನ್ನಿನ ಮೊದಲ ಸಾಲಿನಲ್ಲೇ ಇದೆ. ಗಾಡಿ ಓಡಿಸಿದವನಿಗೆ ಮಾತ್ರ ದಂಡ ಅಂತ ಅದು ಹೇಳುವುದಿಲ್ಲ. ಹಾಗೆ ಓಡಿಸಲು ಕಾರಣನಾದವನು, ಅವಕಾಶ ಕೊಟ್ಟವನು ಕೂಡ ತಪ್ಪಿತಸ್ಥ ಅನ್ನುತ್ತದೆ. ಲೋಡು ತುಂಬಿಸಿ ಗೇಟ್ ತೆಗೆದವನು ಕಾರಣ ಅಲ್ಲದೆ ಇನ್ನೇನು? ಹೀಗಿದ್ದೂ ರಸ್ತೆಯಲ್ಲಿ ಸಿಕ್ಕಿಬೀಳುವುದು ಡ್ರೈವರು, ಮಾಲೀಕ ಇಬ್ಬರೇ. ಕೈಗೆ ಸಿಗುವವರು ಅವರೇ ತಾನೆ.

ಹಾಗಾಗಿ ಸರ್, ಕ್ರಷರ್ ಗೇಟಿನಲ್ಲಿ ಗಾಡಿ ತೂಗುವ ವೇ ಬ್ರಿಡ್ಜ್ ಮೇಲೆ ತಮ್ಮ ಕಣ್ಣಿರಲಿ. ಖನಿಜ ಸಾಗಣೆ ಪರ್ಮಿಟ್ ಈಗ ಕಂಪ್ಯೂಟರಿನಲ್ಲೇ ಬರುತ್ತದೆ, ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಐಎಲ್‌ಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ಪ್ರತಿ ಗಾಡಿಯ ಖಾಲಿ ತೂಕ ಎಷ್ಟು, ಒಟ್ಟು ಮಿತಿ ಎಷ್ಟು ಅನ್ನುವುದು ಸಾರಿಗೆ ಇಲಾಖೆಯ ದಾಖಲೆಯಲ್ಲಿದೆ. ವೇ ಬ್ರಿಡ್ಜಿನ ತೂಕ ಕೈಯಲ್ಲಿ ಟೈಪ್ ಮಾಡುವುದು ನಿಲ್ಲಬೇಕು. ಯಂತ್ರದಿಂದ ನೇರವಾಗಿ ಪರ್ಮಿಟ್‌ಗೆ ಹೋಗಬೇಕು. ಮಿತಿ ಮೀರಿದರೆ ಪರ್ಮಿಟ್ ಪ್ರಿಂಟ್ ಆಗಲೇಬಾರದು. ಗಾಡಿ ಗೇಟಿನ ಒಳಗೇ ಇರಲಿ, ಜಾಸ್ತಿ ಮಾಲು ಅಲ್ಲೇ ಇಳಿಸಲಿ. ಅಲ್ಲಿ ಹಿಟಾಚಿ ಇರುತ್ತದೆ, ಜಾಗ ಇರುತ್ತದೆ, ಅರ್ಧ ಗಂಟೆಯ ಕೆಲಸ. ಅದೇ ಕೆಲಸವನ್ನು ಹೈವೇ ಪಕ್ಕದಲ್ಲಿ ಮಾಡಿಸಲು ಹೋದರೆ ಟ್ರಾಫಿಕ್ ಜಾಮು, ಜಗಳ, ಫೋನು, ಶಿಫಾರಸು.

ಇದರಿಂದ ಸರ್ಕಾರಕ್ಕೂ ಲಾಭವೇ. ಪರ್ಮಿಟ್‌ನಲ್ಲಿ 16 ಟನ್ ಬರೆದು ಗಾಡಿಯಲ್ಲಿ 25 ಟನ್ ಹೋದರೆ, ಆ 9 ಟನ್ನಿಗೆ ಕಲ್ಲು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಇಲ್ಲ, ಗಣಿಯಿಂದ ತೊಂದರೆ ಆದ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗಬೇಕಾದ ಹಣವೂ ಇಲ್ಲ. ಓವರ್‌ಲೋಡ್ ಅನ್ನು ನಾವು ರಸ್ತೆ ನಿಯಮದ ವಿಷಯ ಅಂದುಕೊಂಡಿದ್ದೇವೆ. ಅಕ್ರಮ ಗಣಿಗಾರಿಕೆ ಅಂತ ಪ್ರತ್ಯೇಕವಾಗಿ ಹುಡುಕುತ್ತೇವೆ. ಲೈಸೆನ್ಸ್ ಇರುವ ಕ್ವಾರಿಯಿಂದಲೇ, ಲೆಕ್ಕಕ್ಕೆ ಸಿಗದ ಕಲ್ಲು ದಿನವೂ ಈ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಇದು ಆಗದ ಮಾತು ಅನ್ನುವವರಿಗೆ ಪಕ್ಕದ ತುಮಕೂರನ್ನೇ ತೋರಿಸಬಹುದು. ಕಬ್ಬಿಣದ ಅದಿರಿನ ವಿಷಯದಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ ಎಲ್ಲರಿಗೂ ನೆನಪಿದೆ. ಪರ್ಮಿಟ್ ಇಲ್ಲದೆ, ಪರ್ಮಿಟ್‌ಗಿಂತ ಜಾಸ್ತಿ ಹೊತ್ತು ಹೋದ ಲಾರಿಗಳ ಕಥೆ ಆ ಹಗರಣದ ದೊಡ್ಡ ಭಾಗ. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ ಬಂತು. ತಪ್ಪು ಎಷ್ಟು ಅನ್ನುವುದರ ಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದನ್ನು 2013ರ ಏಪ್ರಿಲ್ ತೀರ್ಪಿನಲ್ಲಿ ಒಪ್ಪಿ, ಸಿ ಗಣಿಗಳ ಲೀಸ್ ರದ್ದು ಮಾಡಿ, ಉಳಿದವಕ್ಕೆ ವರ್ಷಕ್ಕೆ ಇಷ್ಟೇ ತೆಗೆಯಬೇಕು ಅಂತ ಮಿತಿ ಹಾಕಿ, ಮತ್ತೆ ಶುರು ಮಾಡಲು ಬಿಟ್ಟರು. ಮಾರಾಟ ಇ-ಹರಾಜಿನಲ್ಲಿ. ಎಷ್ಟೋ ವರ್ಷ ಪ್ರತಿ ಟನ್ನಿಗೂ ಲೆಕ್ಕ ಇತ್ತು. ಅಲ್ಲಿ ಲಾರಿ ಇಟ್ಟುಕೊಂಡಿದ್ದವರು ಆ ಎರಡು ವರ್ಷ ಪಟ್ಟ ಪಾಡು ನನಗೆ ಗೊತ್ತು. ಕಂತು ಕಟ್ಟಲಾಗದೆ ಗಾಡಿ ಫೈನಾನ್ಸ್‌ನವರ ಯಾರ್ಡ್ ಸೇರಿದವು. ತಪ್ಪು ಮಾಡಿದವರ ಜೊತೆ ಮಾಡದವರೂ ಮುಳುಗಿದರು. ನಮ್ಮ ಜಿಲ್ಲೆಯ ಕಲ್ಲಿಗೂ ಅಂಥ ದಿನ ಬರುವ ಮೊದಲೇ ನಾವೇ ಲೆಕ್ಕ ಸರಿ ಮಾಡಿಕೊಳ್ಳೋಣ ಅನ್ನುವುದು ನನ್ನ ಕಳಕಳಿ.

ಗಾಡಿಯಲ್ಲಿ ಏನು ಹೋಗುತ್ತಿದೆ ಅನ್ನುವ ಇನ್ನೊಂದು ಮಾತು. 2021ರ ಫೆಬ್ರವರಿಯಲ್ಲಿ ನಮ್ಮ ಹಿರೇನಾಗವಳ್ಳಿಯಲ್ಲಿ ನಡೆದದ್ದನ್ನು ಈ ಜಿಲ್ಲೆ ಮರೆಯಬಾರದು. ಅಕ್ರಮವಾಗಿ ಇಟ್ಟಿದ್ದ, ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳನ್ನು ರಾತ್ರೋರಾತ್ರಿ ಸಾಗಿಸಿ ವಿಲೇವಾರಿ ಮಾಡಲು ಹೋಗಿ ಆರು ಜನ ಪ್ರಾಣ ಕಳೆದುಕೊಂಡರು. ಅದಕ್ಕೆ ಒಂದು ತಿಂಗಳ ಹಿಂದೆ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಅದು ಆಗಿ ಒಂದೇ ತಿಂಗಳಿಗೆ ನಮ್ಮಲ್ಲಿ ಹೀಗಾಯಿತು. ಹಿರೇನಾಗವಳ್ಳಿಯಲ್ಲಿ ಸತ್ತವರು ಯಾರು? ಹೇಳಿದ ಕೆಲಸ ಮಾಡುವವರು. ಸ್ಫೋಟಕ ಸಾಗಿಸಲು ಲೈಸೆನ್ಸ್ ಇರುವ ಪ್ರತ್ಯೇಕ ವ್ಯಾನ್ ಬೇಕು, ಅದನ್ನು ಮುಟ್ಟಲು ಸರ್ಟಿಫಿಕೇಟ್ ಇರುವ ಬ್ಲಾಸ್ಟರ್ ಬೇಕು ಅಂತ ನಿಯಮ ಇದೆ. ಕ್ವಾರಿಗೆ ಗಾಡಿ ಕೊಡುವ ನಾವೆಲ್ಲ ಒಂದು ಮಾತಿಗೆ ಬರಬೇಕು: ಪಿಕಪ್, ಕಾರು, ಟಿಪ್ಪರ್ ಯಾವುದರಲ್ಲೂ ಜಿಲೆಟಿನ್ ಹಾಕಿಸಿಕೊಳ್ಳುವುದಿಲ್ಲ. ನನ್ನ ಡ್ರೈವರುಗಳಿಗೆ ಇದನ್ನು ಹೇಳಿದ್ದೇನೆ, ಮಾಲು ಇಳಿಸಿ ಗಾಡಿ ಬಿಟ್ಟು ಬಂದರೂ ಪರವಾಗಿಲ್ಲ, ಸಂಬಳ ನಾನು ಕೊಡುತ್ತೇನೆ ಅಂತ. ಪ್ರತಿ ಮಾಲೀಕನೂ ಇದನ್ನು ಬರೆದುಕೊಟ್ಟರೆ ಡ್ರೈವರಿಗೆ 'ಆಗಲ್ಲ' ಅನ್ನಲು ಧೈರ್ಯ ಬರುತ್ತದೆ.

ಧೂಳಿನ ವಿಷಯದಲ್ಲಿ ರೈತರ ಪರವಾಗಿ ಮಾತಾಡಬೇಕು. ನಮ್ಮದು ರೇಷ್ಮೆಯ ಜಿಲ್ಲೆ, ದ್ರಾಕ್ಷಿಯ ಜಿಲ್ಲೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ದೇಶಕ್ಕೇ ಗೊತ್ತು. ಟಿಪ್ಪರ್ ಓಡಾಡುವ ರಸ್ತೆಯ ಅಂಚಿನ ಹಿಪ್ಪುನೇರಳೆ ತೋಟಕ್ಕೆ ಹೋಗಿ ನೋಡಿ, ಸೊಪ್ಪಿನ ಮೇಲೆ ಬೂದಿ ಬಳಿದ ಹಾಗೆ ಕಲ್ಲಿನ ಪುಡಿ. ರೇಷ್ಮೆ ಹುಳ ಬಲು ಸೂಕ್ಷ್ಮ. ಧೂಳಿನ ಸೊಪ್ಪು ಸರಿಯಾಗಿ ತಿನ್ನುವುದಿಲ್ಲ, ತಿಂದರೂ ಗೂಡು ಚೆನ್ನಾಗಿ ಕಟ್ಟುವುದಿಲ್ಲ. ಸೊಪ್ಪು ತೊಳೆದು ಹಾಕೋಣ ಅಂದರೆ ಒದ್ದೆ ಸೊಪ್ಪಿನಿಂದ ಹುಳಕ್ಕೆ ರೋಗ ಬರುವ ಭಯ. ಸಾಲ ಮಾಡಿ ಚಾಕಿ (ಮರಿ ರೇಷ್ಮೆ ಹುಳ) ತಂದ ಹೆಂಗಸರು ರಸ್ತೆಗೆ ಬಂದು ಗಾಡಿ ತಡೆದರೆ ಅದು ಗಲಾಟೆ ಅಂತ ಅನ್ನಿಸಿಕೊಳ್ಳುತ್ತದೆ. ಅವರು ಕೇಳುವುದು ಏನು? ಲೋಡಿನ ಮೇಲೆ ಟಾರ್ಪಾಲ್ ಕಟ್ಟಿ, ರಸ್ತೆಗೆ ನೀರು ಹೊಡೆಯಿರಿ, ನಿಧಾನವಾಗಿ ಹೋಗಿ. ಇಷ್ಟನ್ನೂ ಮಾಡಲಾಗದವರು ಕ್ವಾರಿ ಮಾಡಬಾರದು. ಬಾಡಿ ಅಂಚಿನ ಮೇಲೆ ಗುಡ್ಡೆ ಹಾಕಿದ ಲೋಡಿಗೆ ಟಾರ್ಪಾಲ್ ಸರಿಯಾಗಿ ಕೂರುವುದೇ ಇಲ್ಲ. ತೂಕ ಸರಿ ಇದ್ದರೆ ಮಾಲು ಬಾಡಿಯ ಒಳಗೇ ಇರುತ್ತದೆ, ಹೊದಿಕೆಯೂ ಕೂರುತ್ತದೆ. ಅದಕ್ಕೇ ಗೇಟಿನ ತೂಕ ಗೇಟಿನ ತೂಕ ಅಂತ ಮತ್ತೆ ಮತ್ತೆ ಹೇಳುತ್ತಿರುವುದು.

ಹೊರಗಿನವರಿಗೆ ಕಾಣುವ ಧೂಳು ಇದು. ಕ್ವಾರಿಯ ಒಳಗಿನ ಧೂಳು ಇನ್ನೂ ಕೆಟ್ಟದ್ದು. ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶದ ಒಳಗೆ ಹೋಗಿ ಕೂರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಅನ್ನುವ ಈ ಕಾಯಿಲೆಯನ್ನು ವಾಸಿ ಮಾಡುವ ಔಷಧಿ ಇಲ್ಲ. ಕೆಮ್ಮು, ಸುಸ್ತು, ತೂಕ ಇಳಿಯುವುದು ನೋಡಿ ಎಷ್ಟೋ ಸಲ ಟಿಬಿ ಅಂದುಕೊಂಡು ಮಾತ್ರೆ ಕೊಡುತ್ತಾರೆ. ಭಾರತದಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಪಕ್ಕದ ಕೆಜಿಎಫ್‌ನಲ್ಲಿ, 1934ರಲ್ಲಿ. ಇಷ್ಟು ಹತ್ತಿರದಲ್ಲಿ, ಇಷ್ಟು ಹಿಂದೆಯೇ ಗೊತ್ತಾದ ಕಾಯಿಲೆಯ ಹೆಸರನ್ನು ನಮ್ಮ ಕ್ರಷರುಗಳಲ್ಲಿ ದುಡಿಯುವ ಒಡಿಶಾ, ಬಿಹಾರ, ರಾಯಚೂರು ಕಡೆಯ ಹುಡುಗರು ಕೇಳಿಯೇ ಇಲ್ಲ. ರಂಧ್ರ ಕೊರೆಯುವಾಗ ನೀರು ಬಿಟ್ಟುಕೊಂಡು ಕೊರೆಯುವುದು, ಕ್ರಷರ್ ಬಾಯಿಗೆ ನೀರಿನ ಸ್ಪ್ರೇ ಇಡುವುದು, ಬೆಲ್ಟುಗಳಿಗೆ ಮುಚ್ಚಳ ಹಾಕುವುದು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಇವು ದೊಡ್ಡ ಖರ್ಚಿನ ಮಾತಲ್ಲ. ಹಿಟಾಚಿ ಬಾಡಿಗೆಗೆ ಕೊಡುವಾಗ ನಾವು ಎಸಿ ಕ್ಯಾಬಿನ್ ಇರುವ ಮಷಿನ್ ಕೊಟ್ಟರೆ, ಅದರ ಫಿಲ್ಟರ್ ಕಾಲಕಾಲಕ್ಕೆ ಬದಲಾಯಿಸಿದರೆ ಆಪರೇಟರ್ ಬಚಾವ್. ಎಸಿಯನ್ನು ಶೋಕಿ ಅಂತ ನೋಡುವ ಮಾಲೀಕರಿಗೆ ನಾನು ಇದನ್ನೇ ಹೇಳುವುದು, ಅದು ಹುಡುಗನ ಶ್ವಾಸಕೋಶದ ಬೆಲೆ.

ಬೆಂಚುಗಳ ಬಗ್ಗೆ ಒಂದೇ ಮಾತು. ಗಟ್ಟಿ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ವಿಶೇಷ ಅನುಮತಿ ಇಲ್ಲದೆ ಒಂದು ಮೆಟ್ಟಿಲು 6 ಮೀಟರ್ ದಾಟಬಾರದು ಅಂತ 1961ರ ಗಣಿ ನಿಯಮ ಹೇಳುತ್ತದೆ. ಗೋಡೆಯ ಹಾಗೆ ನೇರ ಇಳಿದ ಗುಂಡಿಗೆ ನನ್ನ ಗಾಡಿಯನ್ನು ನಾನು ಇಳಿಸುವುದಿಲ್ಲ. ಬೇರೆ ಮಾಲೀಕರೂ ಇಳಿಸಬೇಡಿ.

ಕೆಜಿಎಫ್ ಹೆಸರು ಬಂದದ್ದಕ್ಕೆ ಒಂದು ವಿಷಯ. ಆ ಊರಿನಲ್ಲಿ ಎರಡು ಪಾಠಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಕಡೆ ಬೆಮೆಲ್. 1964ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಅಲ್ಲಿನ ಕಾರ್ಖಾನೆಯಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಾಗುತ್ತವೆ. ಗಣಿಗೆ ಬೇಕಾದ ಭಾರೀ ಯಂತ್ರ ನಮ್ಮ ಜನರ ಕೈಯಲ್ಲೇ ತಯಾರಾಗುತ್ತದೆ ಅನ್ನುವುದು ನನಗೆ ಹೆಮ್ಮೆ. ದೊಡ್ಡ ಗಣಿಗಳಲ್ಲಿ ಓಡುವ ಡಂಪರುಗಳಲ್ಲಿ ಎಷ್ಟು ಟನ್ ಬಿತ್ತು ಅಂತ ತೋರಿಸುವ ಮೀಟರು ಇರುತ್ತದೆ. ಇನ್ನೊಂದು ಕಡೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ದಿಬ್ಬಗಳು ಅಲ್ಲೇ ಉಳಿದವು. ಗಾಳಿ ಬೀಸಿದಾಗಲೆಲ್ಲ ಆ ಪುಡಿ ಮನೆಮನೆಗೆ ಹೋಯಿತು. ಆ ದಿಬ್ಬಗಳಲ್ಲಿ ಉಳಿದದ್ದನ್ನು ತೆಗೆಯಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಜೂನ್‌ನಲ್ಲಿ. ಮುಚ್ಚುವಾಗ ಮಾಡದ ಕೆಲಸ ಇಪ್ಪತ್ತು ವರ್ಷವಾದರೂ ಜನರ ಮೂಗಿಗೆ ಹೋಗುತ್ತಲೇ ಇರುತ್ತದೆ. ನಮ್ಮಲ್ಲಿ ಸೈನೈಡ್ ಇಲ್ಲ ನಿಜ. ಆದರೆ ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳಿವೆ. ಮಳೆ ನೀರು ತುಂಬಿದ ಅವುಗಳಿಗೆ ಬೇಲಿಯೂ ಇಲ್ಲ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು ಆಗುವಂತೆ ಮಾಡಬೇಕು, ಇದನ್ನು ಲೀಸ್ ಷರತ್ತಿನಲ್ಲೇ ಸೇರಿಸಿ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಹೇಳಿದೆ. ನಮ್ಮ ಜಿಲ್ಲೆಯಲ್ಲಿ ಲೀಸ್ ಮುಗಿದ ಕ್ವಾರಿಗಳ ಪಟ್ಟಿ ಮಾಡಿಸಿ, ಮೊದಲು ಬೇಲಿ ಹಾಕಿಸಿ. ಮುಂಗಾರಿಗೆ ಮುಂಚೆ ಆದರೆ ಒಳ್ಳೆಯದು, ಮಕ್ಕಳು ಈಜಲು ಹೋಗುವುದು ಆಗಲೇ.

ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದ ಬಗ್ಗೆ. 2015ರಲ್ಲಿ ಕೇಂದ್ರದ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಮಾಡಿದ ಉದ್ದೇಶವೇ ಗಣಿಯಿಂದ ತೊಂದರೆ ಆದ ಊರು, ಆದ ಜನರಿಗೆ ಆ ಹಣ ಹೋಗಲಿ ಅಂತ. ಕುಡಿಯುವ ನೀರು, ಆರೋಗ್ಯ, ಪರಿಸರ, ಶಿಕ್ಷಣ ಮೊದಲ ಸಾಲಿನಲ್ಲಿರಬೇಕು. ನಾನು ಕೇಳುವುದು ಇಷ್ಟು: ಯಾವ ಪಂಚಾಯಿತಿ ವ್ಯಾಪ್ತಿಯಿಂದ ಎಷ್ಟು ಬಂತು, ಆ ಪಂಚಾಯಿತಿಗೆ ಎಷ್ಟು ಹೋಯಿತು ಅನ್ನುವುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಎಕ್ಸ್‌ರೇ ಮಷಿನ್ ಇರುವ ಒಂದು ಗಾಡಿಯನ್ನು ಆ ಹಣದಲ್ಲೇ ಕೊಂಡು ಕ್ರಷರುಗಳ ಹತ್ತಿರ ಓಡಿಸಬಹುದು. ಡ್ರೈವರುಗಳ ಕಣ್ಣಿನ ಪರೀಕ್ಷೆಯನ್ನೂ ಅಲ್ಲೇ ಮಾಡಿ. ರಾತ್ರಿ ಪೂರ್ತಿ ಗಾಡಿ ಓಡಿಸುವವರಲ್ಲಿ ಕನ್ನಡಕ ಬೇಕಾದವರು ತುಂಬಾ ಜನ ಇದ್ದಾರೆ, ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೇಳುವುದಿಲ್ಲ.

ಜಲ್ಲಿ ಕೊಳ್ಳುವವರಲ್ಲಿ ಸರ್ಕಾರವೇ ದೊಡ್ಡದು ಅನ್ನುವುದನ್ನೂ ನೆನಪಿಸಬೇಕು. ಸರ್ಕಾರಿ ಕಾಮಗಾರಿಯ ಬಿಲ್ ಪಾಸಾಗುವಾಗ ಪರ್ಮಿಟ್ ಕೇಳುತ್ತಾರೆ, ಇಲ್ಲದಿದ್ದರೆ ರಾಯಲ್ಟಿ ಹಿಡಿದುಕೊಳ್ಳುತ್ತಾರೆ. ಒಳ್ಳೆಯದು. ಅದರ ಜೊತೆ ಗಾಡಿ ಗಾಡಿಯ ತೂಕದ ಚೀಟಿಯನ್ನೂ ಕೇಳಿ. ಹೊಸ ರಸ್ತೆಗೆ ಜಲ್ಲಿ ತರುವ ಟಿಪ್ಪರೇ ಹಳೆಯ ರಸ್ತೆ ಮುರಿದು ಬರುವುದು ಯಾವ ನ್ಯಾಯ? ಬೆಂಗಳೂರಿನ ಬಿಲ್ಡರುಗಳು ಲೋಡಿನ ಲೆಕ್ಕ, ಘನ ಅಡಿ ಲೆಕ್ಕ ಬಿಟ್ಟು ಟನ್ ಲೆಕ್ಕದಲ್ಲಿ, ಚೀಟಿ ನೋಡಿ ಕೊಂಡರೆ ಅರ್ಧ ಕೆಲಸ ಆದಂತೆ. ಎಷ್ಟು ಅಡಿ ಅಂತ ಕೇಳುವ ತನಕ ಬಾಡಿ ಎತ್ತರ ಏರುತ್ತಲೇ ಇರುತ್ತದೆ.

ಬಾಡಿಗೆ ದರದ ಪ್ರಶ್ನೆ ಬರುತ್ತದೆ, ಗೊತ್ತು. ಎಲ್ಲರೂ 16 ಟನ್ನೇ ಹೊತ್ತರೆ ಟನ್ನಿಗೆ ಬಾಡಿಗೆ ಏರುತ್ತದೆ. ಜಲ್ಲಿ ಬೆಲೆ ಸ್ವಲ್ಪ ಜಾಸ್ತಿ ಆಗುತ್ತದೆ. ಆಗಲಿ. ಈಗ ಆ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ? ಮುರಿದ ರಸ್ತೆಯಲ್ಲಿ ಹೆರಿಗೆಗೆ ಹೋಗುವ ಹೆಂಗಸು, ಗೂಡು ಕೆಟ್ಟ ರೈತ, ಬ್ರೇಕ್ ಹಿಡಿಯದ ಗಾಡಿಯ ಡ್ರೈವರು. ಮನೆ ಕಟ್ಟಿಸುವವರು ಕಟ್ಟಬೇಕಾದ ದುಡ್ಡನ್ನು ಇವರಿಂದ ಕಟ್ಟಿಸುವುದು ಸರಿಯಲ್ಲ.

ಸರ್, ಜಿಲ್ಲೆಯ ಗಣಿ ಟಾಸ್ಕ್‌ಫೋರ್ಸ್ ತಮ್ಮ ಅಧ್ಯಕ್ಷತೆಯಲ್ಲೇ ಇದೆ. ಗಣಿ ಇಲಾಖೆ, ಆರ್‌ಟಿಒ, ಪೊಲೀಸ್, ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲರೂ ತಮ್ಮ ಒಂದು ಮಾತಿಗೆ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಮುಂದಿನ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಿ. ಇಡೀ ಜಿಲ್ಲೆಗೆ ಒಂದೇ ಸಲ ಬೇಡ. ಹತ್ತಿರ ಹತ್ತಿರ ಇರುವ ಕ್ರಷರುಗಳ ಒಂದು ಗುಂಪನ್ನು ಆರಿಸಿಕೊಂಡು, ಒಂದೇ ದಿನದಿಂದ ಅಲ್ಲಿನ ಎಲ್ಲರಿಗೂ ಜಾರಿ ಮಾಡಿ. ಒಬ್ಬರಿಗೂ ವಿನಾಯಿತಿ ಬೇಡ, ಯಾಕಂದರೆ ಒಬ್ಬರಿಗೆ ಬಿಟ್ಟರೆ ಉಳಿದವರು ಒಂದು ವಾರವೂ ತಡೆಯುವುದಿಲ್ಲ. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ಬರುವ ಟಿಪ್ಪರುಗಳ ಬಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ಟೇಪ್ ಹಿಡಿದು ಅಳೆಸಿ. ಏರಿಸಿದ ಹಲಗೆಯನ್ನು ಕತ್ತರಿಸಿಕೊಂಡು ಬನ್ನಿ ಅಂತ ಸಮಯ ಕೊಡಿ. ಕಂತಿನಲ್ಲಿರುವ ಸಣ್ಣ ಮಾಲೀಕರಿಗೆ ಮೂರು ತಿಂಗಳು ಕೊಟ್ಟರೂ ನ್ಯಾಯವೇ.

ಸಭೆಗೆ ಕ್ರಷರ್ ಮಾಲೀಕರ ಜೊತೆ ಟಿಪ್ಪರ್ ಮಾಲೀಕರನ್ನೂ, ಡ್ರೈವರುಗಳನ್ನೂ ಕರೆಯಿರಿ. ರೇಷ್ಮೆ ಬೆಳೆಗಾರರನ್ನು ಖಂಡಿತ ಕರೆಯಿರಿ. ಕರೆದರೆ ನನ್ನ ಗಾಡಿಗಳ ಆರ್‌ಸಿ, ಖಾಲಿ ತೂಕದ ಚೀಟಿ, ಬಾಡಿಯ ಅಳತೆ ಎಲ್ಲವನ್ನೂ ತೆಗೆದುಕೊಂಡು ಬರುತ್ತೇನೆ. ಪ್ರಯೋಗಕ್ಕೆ ಗಾಡಿ ಬೇಕಾದರೆ ನನ್ನವನ್ನೇ ಮೊದಲು ವೇ ಬ್ರಿಡ್ಜ್ ಮೇಲೆ ಹತ್ತಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟಿಪ್ಪರ್ ಮಾಲೀಕ,
ಚಿಕ್ಕಬಳ್ಳಾಪುರ ತಾಲ್ಲೂಕು